ನಾರುಹುಣ್ಣು ಹೋದ ದಾರಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ಈ ನಾಲ್ಕು ತಾಲ್ಲೂಕುಗಳ ಯಾವುದಾದರೊಂದು ಹಳ್ಳಿಯಲ್ಲಿ ನೀವು ಶಿಕ್ಷಕರಾಗಿದ್ದರೆ ಒಂದು ಸಣ್ಣ ಸಮೀಕ್ಷೆ ಮಾಡಿಸಿ ನೋಡಿ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರನ್ನು ‘ನಾರುಹುಣ್ಣು ಕಂಡಿದ್ದೀರಾ?’ ಎಂದು ಕೇಳಿಕೊಂಡು ಬರಲು ವಿದ್ಯಾರ್ಥಿಗಳಿಗೆ ಹೇಳಿ. ಕಾಲಿನ ಗುಳ್ಳೆಯಿಂದ ಬಿಳಿ ದಾರದಂಥ ಹುಳು ಇಣುಕುತ್ತಿದ್ದುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಹೊರಗೆಳೆಯುತ್ತಿದ್ದುದು, ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತಿದ್ದುದು ಅವರಲ್ಲಿ ಕೆಲವರಿಗಾದರೂ ನೆನಪಿದ್ದೀತು. ಕೇಳಿ ಬಂದ ವಿದ್ಯಾರ್ಥಿಗಳಿಗೆ ಮಾತ್ರ ಆ ಹೆಸರೇ ಹೊಸದು.

ಎರಡು ತಲೆಮಾರುಗಳ ನಡುವೆ ಒಂದು ರೋಗವೇ ಇಲ್ಲವಾಗಿದೆ. ಅದು ಹೋದದ್ದು ಹೇಗೆ? ಸಿಡುಬಿನಂತೆ ಲಸಿಕೆಯಿಂದ ಅಲ್ಲ; ನಾರುಹುಣ್ಣಿಗೆ ಇಂದಿಗೂ ಲಸಿಕೆ ಇಲ್ಲ. ಔಷಧಿಯಿಂದಲೂ ಅಲ್ಲ, ಹುಳುವನ್ನು ಕೊಲ್ಲುವ ಗುಳಿಗೆಯೂ ಇಲ್ಲ. ಯಾವ ದೊಡ್ಡ ಆಸ್ಪತ್ರೆಯೂ ಇದನ್ನು ಓಡಿಸಲಿಲ್ಲ. ಆರೋಗ್ಯಸೇವೆ ಎಲ್ಲರಿಗೂ ಸಾರ್ವಜನಿಕವಾಗಿ ಸಿಗಬೇಕೆ ಅಥವಾ ಅದು ಲಾಭಕ್ಕಾಗಿ ನಡೆಯುವ ಉದ್ಯಮವಾಗಿದ್ದರೂ ಸರಿಯೆ ಎಂಬ ಚರ್ಚೆ ಜಗತ್ತಿನ ಎಲ್ಲ ಕಡೆ ನಡೆದಿದೆ. ಆ ಚರ್ಚೆಗೆ ಈ ಹುಳುವಿನ ಚರಿತ್ರೆ ಬಹಳ ಉಪಯುಕ್ತ.

ಹುಳುವಿನ ಜೀವನಚಕ್ರ

ನಾರುಹುಳುವಿನ ವೈಜ್ಞಾನಿಕ ಹೆಸರು ಡ್ರಾಕನ್‌ಕ್ಯುಲಸ್ ಮೆಡಿನೆನ್ಸಿಸ್. ಇದು ದುಂಡುಹುಳುಗಳ ಗುಂಪಿಗೆ ಸೇರಿದ ಪರಾವಲಂಬಿ. ಹೆಣ್ಣುಹುಳು ಒಂದು ಮೀಟರಿನವರೆಗೂ ಬೆಳೆಯಬಲ್ಲದು. ಗಂಡು ಕೆಲವೇ ಸೆಂಟಿಮೀಟರು. ಮನುಷ್ಯನ ಕಾಲಿನಲ್ಲಿ ಗುಳ್ಳೆ ಎದ್ದಾಗ ಉರಿ ತಾಳಲಾರದೆ ಅವನು ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ನೀರು ತಾಗಿದ ಕೂಡಲೇ ಹುಳು ಸಾವಿರಾರು ಲಾರ್ವಗಳನ್ನು ಹೊರಚೆಲ್ಲುತ್ತದೆ. ನೀರಿನಲ್ಲಿರುವ ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಸೈಕ್ಲಾಪ್ಸ್ ಎಂದರೆ ಸಿಗಡಿ, ಏಡಿಗಳ ಗುಂಪಿಗೇ ಸೇರಿದ, ಒಂದೆರಡು ಮಿಲಿಮೀಟರು ಗಾತ್ರದ ಜೀವಿ. ಅದರ ಒಡಲಲ್ಲಿ ಸುಮಾರು ಎರಡು ವಾರ ಕಳೆದ ಲಾರ್ವ ಸೋಂಕು ತಗಲಿಸಲು ಸಿದ್ಧವಾಗುತ್ತದೆ. ಆ ನೀರನ್ನು ಯಾರಾದರೂ ಸೋಸದೆ ಕುಡಿದರೆ ಸೈಕ್ಲಾಪ್ಸ್ ಜಠರದಲ್ಲಿ ಸಾಯುತ್ತದೆ. ಲಾರ್ವ ಕರುಳಿನ ಗೋಡೆ ದಾಟಿ ಒಳಸೇರುತ್ತದೆ. ಸುಮಾರು ಒಂದು ವರ್ಷದ ನಂತರ ಬೆಳೆದ ಹೆಣ್ಣುಹುಳು ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಚರ್ಮ ಸೀಳಿ ಹೊರಬರುತ್ತದೆ.

ಈ ಚಕ್ರದಲ್ಲಿ ಮೂರು ಅಂಶಗಳನ್ನು ಗಮನಿಸಿ. ಮೊದಲನೆಯದು, ಒಮ್ಮೆ ಬಂದವರಿಗೆ ರೋಗನಿರೋಧಕ ಶಕ್ತಿ ಹುಟ್ಟುವುದಿಲ್ಲ. ಮರುವರ್ಷ ಮತ್ತೆ ಬರಬಹುದು. ಎರಡನೆಯದು, ಹುಳು ಹೊರಬರಲು ವಾರಗಳೇ ಹಿಡಿಯುತ್ತವೆ. ರೈತನೋ ಕೂಲಿಯವಳೋ ಅಷ್ಟು ದಿನ ಹೊಲಕ್ಕೆ ಕಾಲಿಡುವಂತಿಲ್ಲ. ಮೂರನೆಯದು, ಮನುಷ್ಯನ ಕಾಲು ಮತ್ತು ಕುಡಿಯುವ ನೀರು ಒಂದೇ ಕಡೆ ಸೇರಿದರೆ ಮಾತ್ರ ಈ ಚಕ್ರ ಪೂರ್ಣವಾಗುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ, ಕಪ್ಪು ಶಿಲೆಯ ಈ ನಾಡಿನಲ್ಲಿ ಅಂಥ ಜಾಗವೆಂದರೆ ಪಾವಟಿಗೆ ಬಾವಿ. ವಿಜಯಪುರದ ತಾಜ್ ಬಾವಡಿ, ಚಾಂದ್ ಬಾವಡಿಗಳನ್ನು ನೋಡಿದವರಿಗೆ ಮೆಟ್ಟಿಲಿಳಿದು ನೀರು ತುಂಬುವ ಬಾವಿಯ ರಚನೆಯನ್ನು ವಿವರಿಸಬೇಕಾಗಿಲ್ಲ. ನೀರು ಆಳಕ್ಕೆ ಇಳಿಯುವ ಸೀಮೆಯಲ್ಲಿ ಅದು ಜಾಣತನದ ರಚನೆ. ಆದರೆ ಕೊಡ ತುಂಬಲು ಬಂದವರ ಪಾದವೂ ಅದೇ ನೀರಿಗೆ ಇಳಿಯುತ್ತಿತ್ತು.

ಗೊತ್ತಿದ್ದರೂ ಆಗದ ಕೆಲಸ

ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯಾದ ಅಲೆಕ್ಸಿ ಫೆಡ್ಚೆಂಕೊ 1870ರಲ್ಲಿ, ತುರ್ಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದಾಗ ಗುರುತಿಸಿದ. ನಮ್ಮ ನೆಲದಲ್ಲೂ ಈ ಬಗ್ಗೆ ಗಣ್ಯ ಸಂಶೋಧನೆ ನಡೆದಿದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ.ಎನ್. ಮೂರ್ತಿ ಎಂಬ ವಿಜ್ಞಾನಿ ಹಳ್ಳಿಗಳ ಬಾವಿಗಳನ್ನೂ ರೋಗಿಗಳನ್ನೂ ಅಧ್ಯಯನ ಮಾಡಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು.ಸಿ. ಸ್ವೀಟ್ ಜತೆಗೂಡಿ, ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಡೆಯುವ ಜೈವಿಕ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ನಾಯಿಗಳಿಗೂ ಈ ಹುಳು ತಗಲಬಲ್ಲದೆಂದು ಪ್ರಯೋಗದಿಂದ ತೋರಿಸಿದರು. ಈ ಕೊನೆಯ ಅಂಶವನ್ನು ನೆನಪಿಟ್ಟುಕೊಳ್ಳಿ. ಲೇಖನದ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಅಂದರೆ 1930ರ ದಶಕದ ಹೊತ್ತಿಗೆ ರೋಗದ ಕಾರಣ, ಹರಡುವ ಬಗೆ, ತಡೆಯುವ ಉಪಾಯ ಎಲ್ಲವೂ ಗೊತ್ತಿದ್ದವು. ಆದರೂ ಭಾರತದಿಂದ ರೋಗ ಹೋಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ವಿಜ್ಞಾನ ಮುಂದಿತ್ತು, ಅದನ್ನು ಹಳ್ಳಿಗೆ ಒಯ್ಯುವವರು ಇರಲಿಲ್ಲ.

ಏಕೆಂದು ಯೋಚಿಸಿ. ಹುಣ್ಣಿನ ಬಾಧೆಯಿಂದ ಬಂದವನ ಹುಳು ತೆಗೆದ ವೈದ್ಯನಿಗೆ ಶುಲ್ಕ ಸಿಗುತ್ತದೆ. ಬಾವಿಯ ಮೆಟ್ಟಿಲು ಮುಚ್ಚಿಸಿದವನಿಗೆ ಶುಲ್ಕ ಕೊಡುವವರು ಯಾರು? ಅದರಿಂದ ಊರಿನ ಎಲ್ಲರಿಗೂ ಲಾಭ. ಆದರೆ ‘ನನಗೆ ರೋಗ ಬರಲಿಲ್ಲ, ತಗೊಳ್ಳಿ ಹಣ’ ಎಂದು ಯಾರೂ ಬಂದು ಕೊಡುವುದಿಲ್ಲ. ಲಾಭವನ್ನೇ ನಂಬಿದ ವೈದ್ಯವೃತ್ತಿ ಎಷ್ಟೇ ನಿಪುಣವಾಗಿದ್ದರೂ ರೋಗಿ ಬಾಗಿಲಿಗೆ ಬಂದ ಮೇಲೆ ಅದರ ಕೆಲಸ ಶುರುವಾಗುತ್ತದೆ. ನಾರುಹುಣ್ಣಿನ ವಿಷಯದಲ್ಲಿ ಅಷ್ಟರೊಳಗೆ ಒಂದು ವರ್ಷ ಕಳೆದಿರುತ್ತದೆ. ಅದಕ್ಕೆ ಬೇಕಾದದ್ದು ರೋಗಿ ಬರುವುದನ್ನು ಕಾಯದೆ ಊರಿಗೇ ಹೋಗುವ ವ್ಯವಸ್ಥೆ.

ಒಬ್ಬ ಸಲಹೆಗಾರ, ಎರಡು ಒಣನಾಡುಗಳು

ಅಂಥ ವ್ಯವಸ್ಥೆಯ ನಕ್ಷೆ ಭಾರತದಲ್ಲಿ ಸಿದ್ಧವಾದದ್ದು ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು. 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ನೀಡಿತು. ಆಗ ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ ಇದ್ದರು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಸಮಿತಿಯ ಮೂಲತತ್ವ. ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸಂಬಳ ಪಡೆದು ಪೂರ್ಣಾವಧಿ ದುಡಿಯುವ, ಖಾಸಗಿ ವೃತ್ತಿ ನಡೆಸದ ವೈದ್ಯರು, ಚಿಕಿತ್ಸೆ ಮತ್ತು ರೋಗ ತಡೆ ಎರಡೂ ಒಂದೇ ಸೂರಿನಡಿ - ಇವು ಅದರ ಮುಖ್ಯ ಶಿಫಾರಸುಗಳು.

ಈ ಸಮಿತಿಗೆ ಸಲಹೆ ನೀಡಲು ಬಂದ ವಿದೇಶಿ ತಜ್ಞರಲ್ಲಿ ವೈದ್ಯಕೀಯ ಇತಿಹಾಸಕಾರ ಹೆನ್ರಿ ಸಿಗರಿಸ್ಟ್ ಒಬ್ಬರು. ಅವರು ಭಾರತಕ್ಕೆ ಬಂದದ್ದು 1944ರಲ್ಲಿ. ಅದೇ ವರ್ಷ, ಇಲ್ಲಿಗೆ ಬರುವ ಮುನ್ನ, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆರೋಗ್ಯ ಸಮೀಕ್ಷೆಯ ನೇತೃತ್ವವನ್ನು ಅವರೇ ವಹಿಸಿದ್ದರು. ಆ ಪ್ರಾಂತ್ಯವನ್ನು ಇಲ್ಲಿ ಹೆಸರಿಸಲು ಕಾರಣವಿದೆ. ಅದೂ ಮಳೆಯನ್ನು ನಂಬಿದ ಬಯಲುಸೀಮೆ. ನಮ್ಮಲ್ಲಿ ಬಿಳಿಜೋಳ, ಅಲ್ಲಿ ಗೋಧಿ. ಚದುರಿದ ಹಳ್ಳಿಗಳಲ್ಲಿ ಸಂಪಾದನೆ ಸಾಲದೆ ವೈದ್ಯರು ನಿಲ್ಲುತ್ತಿರಲಿಲ್ಲ. 1914ರ ಸುಮಾರಿಗೆ ಸಾರ್ನಿಯಾ ಎಂಬ ಗ್ರಾಮೀಣ ಸ್ಥಳೀಯ ಸಂಸ್ಥೆ, ಊರು ಬಿಡಲು ಹೊರಟಿದ್ದ ವೈದ್ಯನಿಗೆ ತೆರಿಗೆ ಹಣದಿಂದ ಸಂಬಳ ಗೊತ್ತುಮಾಡಿ ಉಳಿಸಿಕೊಂಡಿತು. ಈ ಪದ್ಧತಿ ಅಕ್ಕಪಕ್ಕದ ಊರುಗಳಿಗೂ ಹಬ್ಬಿತು. 1947ರಲ್ಲಿ ಇಡೀ ಪ್ರಾಂತ್ಯಕ್ಕೆ ಸಾರ್ವಜನಿಕ ಆಸ್ಪತ್ರೆ ವಿಮೆ ಬಂತು. 1962ರ ಜುಲೈ 1ರಂದು ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಯೋಜನೆ ಆರಂಭವಾದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು. ಯೋಜನೆ ಉಳಿಯಿತು; ಮುಂದೆ ಇಡೀ ಕೆನಡಾಕ್ಕೆ ಮಾದರಿಯಾಯಿತು.

ಬ್ರಿಟನ್ನಿನಲ್ಲಿ ಬದಲಾವಣೆ ಇನ್ನೂ ಮೂಲಭೂತವಾಗಿತ್ತು. 1948ರ ಜುಲೈ 5ರಂದು ಅನೈರಿನ್ ಬೆವನ್ ಆರೋಗ್ಯ ಸಚಿವನಾಗಿದ್ದಾಗ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ದಾನದಿಂದ ನಡೆಯುತ್ತಿದ್ದವು, ನಗರಸಭೆಗಳಿಗೆ ಸೇರಿದವು ಎನ್ನದೆ ಎರಡೂವರೆ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಸಾರ್ವಜನಿಕ ಒಡೆತನಕ್ಕೆ ಬಂದವು. ಅದಕ್ಕೆ ಕೆಲವೇ ತಿಂಗಳ ಮೊದಲು ನಡೆದ ಮತದಾನದಲ್ಲಿ ಅಲ್ಲಿನ ವೈದ್ಯರಲ್ಲಿ ಹೆಚ್ಚಿನವರು ಯೋಜನೆಯನ್ನು ವಿರೋಧಿಸಿದ್ದರು.

ಭಾರತದಲ್ಲಿ ಭೋರ್ ಸಮಿತಿಯ ನಕ್ಷೆ ಭಾಗಶಃ ಮಾತ್ರ ಜಾರಿಯಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಬ್ಲಾಕಿಗೊಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. ಮುಂಬೈ ಪ್ರಾಂತ್ಯದಲ್ಲಿದ್ದ ಅಂದಿನ ಬಿಜಾಪುರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೇಂದ್ರಗಳು ವಿರಳ, ಸಿಬ್ಬಂದಿ ಕಡಿಮೆ. ಆದರೂ ಹಳ್ಳಿಗೆ ನಡೆದುಹೋಗುವ ಆರೋಗ್ಯ ಸಹಾಯಕ, ಸಹಾಯಕಿ ಎಂಬ ಹೊಸ ನೌಕರರು ಹುಟ್ಟಿಕೊಂಡಿದ್ದರು.

ಹಳ್ಳಿಹಳ್ಳಿಯ ಎಣಿಕೆ

1978ರಲ್ಲಿ ಅಲ್ಮಾ ಆಟಾದಲ್ಲಿ ಸೇರಿದ 134 ರಾಷ್ಟ್ರಗಳು ‘2000ದ ವೇಳೆಗೆ ಎಲ್ಲರಿಗೂ ಆರೋಗ್ಯ’ ಎಂದು ಘೋಷಿಸಿದವು. ಆ ಗುರಿ ಈಡೇರಲಿಲ್ಲ. ಆದರೆ ನಾರುಹುಣ್ಣಿನ ಮಟ್ಟಿಗೆ ಭಾರತ ಅದೇ ಗಡುವಿನೊಳಗೆ ಗೆದ್ದಿತು.

1983-84ರಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಆಗ ಏಳು ರಾಜ್ಯಗಳ 89 ಜಿಲ್ಲೆಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕರ್ನಾಟಕ ಆ ಏಳರಲ್ಲಿ ಒಂದು. ಬಿಜಾಪುರ ಆ ಜಿಲ್ಲೆಗಳಲ್ಲಿ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ವರ್ಷದಲ್ಲಿ ಹಲವು ಸುತ್ತು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಸಿಕ್ಕವರ ಹುಣ್ಣಿಗೆ ಪಟ್ಟಿ ಕಟ್ಟಿದರು. ಗುಣವಾಗುವವರೆಗೂ ಬಾವಿಗೆ ಇಳಿಯದಂತೆ ಹೇಳಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದರು. ಸೈಕ್ಲಾಪ್ಸ್ ಸಾಯಿಸಲು ನೀರಿಗೆ ನಿಗದಿತ ಪ್ರಮಾಣದಲ್ಲಿ ಟೆಮೆಫಾಸ್ ಹಾಕಿದರು. ಇನ್ನೊಂದೆಡೆ ಪಾವಟಿಗೆ ಬಾವಿಗಳನ್ನು ಕಟ್ಟೆ ಕಟ್ಟಿ ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು. ಕೊಳವೆಬಾವಿ ತೋಡಿ ಕೈಪಂಪು ಕೂರಿಸಲಾಯಿತು.

ಇವುಗಳಲ್ಲಿ ಯಾವುದೂ ಅದ್ಭುತ ತಂತ್ರಜ್ಞಾನವಲ್ಲ. ಆದರೆ ಒಂದು ಊರನ್ನು ಬಿಟ್ಟರೂ ಎಲ್ಲ ಕೆಲಸ ವ್ಯರ್ಥ. ಹಣ ಕೊಡಬಲ್ಲವರ ಓಣಿಯಲ್ಲಿ ಮಾತ್ರ ಕೆಲಸ ಮಾಡಿ ಈ ಹುಳುವನ್ನು ಓಡಿಸಲು ಸಾಧ್ಯವಿರಲಿಲ್ಲ. ‘ಎಲ್ಲರಿಗೂ’ ಎಂಬ ಪದ ಇಲ್ಲಿ ಔದಾರ್ಯದ ಮಾತಾಗಿ ಬರುವುದಿಲ್ಲ, ರೋಗ ತಡೆಯುವ ವಿಧಾನದ ಅವಿಭಾಜ್ಯ ಅಂಗವಾಗಿ ಬರುತ್ತದೆ. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಪತ್ತೆಯಾದರು. ಆ ಮೇಲೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹುಡುಕಾಟ ಮುಂದುವರಿಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು.

ನಾಲ್ಕು ತಾಲ್ಲೂಕುಗಳ ಲೆಕ್ಕ

ಎರಡು ವರ್ಷಗಳ ನಂತರ, 2002ರ ಜೂನ್‌ನಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ತನ್ನ ವರದಿ ಒಪ್ಪಿಸಿತು. ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಸಮಿತಿ ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ನಾಲ್ಕೂ ಈ 39ರ ಪಟ್ಟಿಯಲ್ಲಿದ್ದವು. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂಬುವು ಕೂಡ ಆ ಸೂಚಕಗಳಲ್ಲಿ ಸೇರಿದ್ದವು.

ಒಂದು ರೋಗವನ್ನು ಬೇರುಸಹಿತ ಕಿತ್ತ ವ್ಯವಸ್ಥೆ ಉಳಿದ ರೋಗಗಳಿಗೆ ಏಕೆ ಸಾಲಲಿಲ್ಲ? ಅದನ್ನು ಒಂದು ಕೆಲಸಕ್ಕಾಗಿ ಬಳಸಿಕೊಂಡೆವು, ಪೂರ್ತಿಯಾಗಿ ಕಟ್ಟಲಿಲ್ಲ. ಹೆರಿಗೆಯ ತೊಡಕು, ಹಾವು ಕಡಿತ, ಮಗುವಿನ ನ್ಯುಮೋನಿಯಾ, ಮೂತ್ರಪಿಂಡದ ಕಾಯಿಲೆ ಬಂದಾಗ ಜನ ವಿಜಯಪುರಕ್ಕೋ ಕಲಬುರಗಿಗೋ ಗಡಿಯಾಚೆಯ ಸೊಲ್ಲಾಪುರಕ್ಕೋ ಗಾಡಿ ಹಿಡಿದರು. ಅಲ್ಲಿ ನುರಿತ, ಪ್ರಾಮಾಣಿಕ ಖಾಸಗಿ ವೈದ್ಯರಿಗೆ ಕೊರತೆಯಿರಲಿಲ್ಲ. ಆದರೆ ಇಲ್ಲಿನ ತೊಂದರೆ ವ್ಯಕ್ತಿಗಳ ಗುಣದ್ದಲ್ಲ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಇದನ್ನು ವಿಶ್ಲೇಷಿಸಿದ್ದರು. ಜೋಳ ಕೊಳ್ಳುವವನು ಕಾಳನ್ನು ಕೈಯಲ್ಲಿ ಹಿಡಿದು ನೋಡಬಲ್ಲ. ಚಿಕಿತ್ಸೆ ಕೊಳ್ಳುವವನಿಗೆ ತನಗೇನು ಬೇಕೆಂಬುದೇ ತಿಳಿಯದು. ಅದನ್ನು ಹೇಳಬೇಕಾದವರು ಮಾರುವವರೇ. ಹೀಗಿರುವಾಗ ಹೆಚ್ಚು ಚಿಕಿತ್ಸೆಯೇ ಹೆಚ್ಚು ಆದಾಯವಾದರೆ ಅನಾಹುತಕ್ಕೆ ದಾರಿಯಾಗುತ್ತದೆ. ಸಿಂದಗಿಗೆ ಹೊಂದಿಕೊಂಡ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದು, ಮಹಿಳೆಯರೇ ನ್ಯಾಯಕ್ಕಾಗಿ ಬೀದಿಗಿಳಿದದ್ದನ್ನು ಇಲ್ಲಿ ನೆನೆಯಬಹುದು.

ವಿಮೆ, ಕಾನೂನು ಮತ್ತು ಧರಣಿ

ಕರ್ನಾಟಕ ಇದಕ್ಕೆ ಕೆಲವು ಪರಿಹಾರಗಳನ್ನು ಹುಡುಕಿತು. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಮೊದಲು ಉತ್ತರ ಕರ್ನಾಟಕದ ಬಡ ಕುಟುಂಬಗಳಿಗಾಗಿ ಆರಂಭವಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆಯುಷ್ಮಾನ್ ಭಾರತದೊಡನೆ ಬೆಸೆಯಿತು. ಇವುಗಳಿಂದ ಪ್ರಯೋಜನವಾಗಲಿಲ್ಲ ಎನ್ನುವುದು ತಪ್ಪು. ಆರೋಗ್ಯಶ್ರೀ ಜಾರಿಯಾದ ಹಾಗೂ ಆಗದ ಪ್ರದೇಶಗಳ ಗಡಿಯ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಸಾವೂ ಆಸ್ಪತ್ರೆಯ ಕೈಖರ್ಚೂ ಕಡಿಮೆಯಾದದ್ದನ್ನು ತೋರಿಸಿತು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಭರಿಸುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಆದರೆ ನಾರುಹುಣ್ಣಿನ ಪಾಠವನ್ನು ಇಲ್ಲಿ ಅನ್ವಯಿಸಿ ನೋಡಿ. ವಿಮೆ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತದೆ. ಬಾವಿಯ ಮೆಟ್ಟಿಲಿಗೆ ಕೊಡುವುದಿಲ್ಲ. ಆಸ್ಪತ್ರೆಯೇ ಇಲ್ಲದ ಊರಿನಲ್ಲಿ ವಿಮಾ ಕಾರ್ಡು ಬಸ್ ಚಾರ್ಜನ್ನೂ ಉಳಿಸದು.

ಇನ್ನೊಂದು ದಾರಿ ನಿಯಂತ್ರಣ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಲ್ಲಿ ಬಂತು. ಅದನ್ನು ಬಿಗಿಗೊಳಿಸುವ ತಿದ್ದುಪಡಿ ಮಸೂದೆ 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಮುಂದಿದ್ದಾಗ ರಾಜ್ಯದ ಖಾಸಗಿ ವೈದ್ಯರು ಸೇವೆ ನಿಲ್ಲಿಸಿದರು. ಕೆಲವು ಕಠಿಣ ಅಂಶಗಳು ಸಡಿಲಗೊಂಡ ಮೇಲೆ ಮಸೂದೆ ಅಂಗೀಕಾರವಾಯಿತು. ಸಸ್ಕಾಚೆವಾನಿನ 23 ದಿನಗಳು ನಿಮಗೆ ನೆನಪಾಗಿರಬೇಕು. ಅಲ್ಲಿನ ಸರ್ಕಾರದ ಬಳಿ ಜನರೆದುರು ಇಡಲು ಎಲ್ಲರಿಗೂ ಅನ್ವಯಿಸುವ ಒಂದು ಪೂರ್ಣ ಸಾರ್ವಜನಿಕ ಯೋಜನೆ ಇತ್ತು. ಇಲ್ಲಿ ಖಾಸಗಿ ಬಾಗಿಲು ಮುಚ್ಚಿದಾಗ ಸರ್ಕಾರಿ ಆಸ್ಪತ್ರೆಗಳು ಒಮ್ಮೆಲೇ ಕಿಕ್ಕಿರಿದವು.

ಈ ಪ್ರಶ್ನೆ 2025ರಲ್ಲಿ ವಿಜಯಪುರದ ಬೀದಿಗೇ ಬಂತು. ಸರ್ಕಾರಿ-ಖಾಸಗಿ ಸಹಭಾಗಿತ್ವದ ವೈದ್ಯಕೀಯ ಕಾಲೇಜು ಬೇಡ, ಪೂರ್ಣ ಸರ್ಕಾರಿ ಕಾಲೇಜೇ ಬೇಕು ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾದ ಧರಣಿ ನೂರು ದಿನಗಳನ್ನು ದಾಟಿತು. ಬಹುಶಃ ಹೊರಗಿನವರಿಗೆ ಇದು ಒಂದು ಕಾಲೇಜಿನ ವಿವಾದವಾಗಿ ಕಂಡೀತು. ಆಸ್ಪತ್ರೆ ಯಾರದ್ದಾಗಿರಬೇಕು, ಅಲ್ಲಿ ಕಲಿತ ವೈದ್ಯರು ಯಾರಿಗಾಗಿ ದುಡಿಯಬೇಕು ಎಂಬುದು ಅದರೊಳಗಿನ ಪ್ರಶ್ನೆ. ಭೋರ್ ಸಮಿತಿ ಎತ್ತಿದ್ದೂ ಅದನ್ನೇ.

ನಿಮ್ಮ ತರಗತಿಗೊಂದು ಲೆಕ್ಕ

ಸರ್ಕಾರಿ ಆಸ್ಪತ್ರೆ ಎಂದ ಮಾತ್ರಕ್ಕೆ ಎಲ್ಲ ಸರಿಯಾಗಿರುತ್ತದೆಂದು ಯಾರೂ ಹೇಳುವುದಿಲ್ಲ. ವೈದ್ಯರಿಲ್ಲದ ಕೇಂದ್ರ, ಹೊರಗೆ ತರಲು ಬರೆದುಕೊಡುವ ಔಷಧಿ ಚೀಟಿ ನಮಗೆಲ್ಲ ಪರಿಚಿತ. ಬ್ರಿಟನ್ನಿನ ರಾಷ್ಟ್ರೀಯ ಸೇವೆಯಲ್ಲೂ ಶಸ್ತ್ರಚಿಕಿತ್ಸೆಗಾಗಿ ಕಾಯುವವರ ಸಾಲು ಉದ್ದವಾಗಿದೆ. ಆದರೆ ಸಾರ್ವಜನಿಕ ವ್ಯವಸ್ಥೆಯ ಕೊರತೆಯನ್ನು ಎಣಿಸಬಹುದು, ಪ್ರಶ್ನಿಸಬಹುದು. ಅದನ್ನು ನಿಮ್ಮ ವಿದ್ಯಾರ್ಥಿಗಳೂ ಮಾಡಬಹುದು.

ಬಯಲು ಪ್ರದೇಶದಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ಮಾನದಂಡ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 21,77,331. ಈ ಮಾನದಂಡದಂತೆ ಸುಮಾರು 435 ಉಪಕೇಂದ್ರ, 73 ಪ್ರಾಥಮಿಕ ಕೇಂದ್ರ, 18 ಸಮುದಾಯ ಕೇಂದ್ರ ಬೇಕು. ಇದೇ ಲೆಕ್ಕವನ್ನು ನಿಮ್ಮ ತಾಲ್ಲೂಕಿಗೆ ಮಾಡಿಸಿ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಹಳೆಯ ನಾಲ್ಕು ತಾಲ್ಲೂಕುಗಳಿಂದ ಒಡೆದು ಬಂದ ಹೊಸ ತಾಲ್ಲೂಕುಗಳೆಂಬುದು ಲೆಕ್ಕ ಹಾಕುವಾಗ ನೆನಪಿರಲಿ. ನಂತರ ಹತ್ತಿರದ ಕೇಂದ್ರಕ್ಕೆ ಹೋಗಿ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಪ್ರಯೋಗಾಲಯದ ತಂತ್ರಜ್ಞರಿದ್ದಾರೆಯೆ ಎಂದು ವಿನಯದಿಂದ ಕೇಳಿ ಬರೆದುಕೊಳ್ಳಲಿ. ಊರಿನ ಹಳೆಯ ಬಾವಿಯನ್ನೂ ನೋಡಲಿ. ಮೆಟ್ಟಿಲ ಮೇಲೆ ಎದ್ದ ಕಟ್ಟೆ ಕಂಡರೆ ಅದು ಯಾವಾಗ, ಏಕೆ ಕಟ್ಟಿದ್ದೆಂದು ಹಿರಿಯರನ್ನು ವಿಚಾರಿಸಲಿ.

ಕೊನೆಗೊಮ್ಮೆ ಆ ನಾಯಿಗಳ ಸಂಗತಿ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ನಾರುಹುಣ್ಣು ರೋಗಿಗಳಿದ್ದರು. 2024ರಲ್ಲಿ ವರದಿಯಾದವರು ಕೇವಲ 15. ಆದರೂ ನಿರ್ಮೂಲನ ಪೂರ್ಣವಾಗಿಲ್ಲ. 2012ರಿಂದ ಆಫ್ರಿಕಾದ ಚಾಡ್ ದೇಶದಲ್ಲಿ ನಾಯಿಗಳಲ್ಲಿ ಈ ಹುಳು ಕಾಣಿಸಿಕೊಳ್ಳುತ್ತಿದ್ದು, ವರ್ಷಕ್ಕೆ ನೂರಾರು ಪ್ರಾಣಿಗಳಲ್ಲಿ ಸೋಂಕು ಪತ್ತೆಯಾಗುತ್ತಿದೆ. ನಾಯಿಗಳಿಗೂ ಇದು ತಗಲಬಲ್ಲದೆಂದು ಚಿತ್ರದುರ್ಗದ ಬಾವಿಗಳನ್ನು ಅಧ್ಯಯನ ಮಾಡಿದ ಮೂರ್ತಿಯವರು 1930ರ ದಶಕದಲ್ಲೇ ತೋರಿಸಿದ್ದರು. ಚಾಡ್‌ನ ಹಳ್ಳಿಗಳಲ್ಲಿ ಈಗ ನಾಯಿಗಳನ್ನು ಕಟ್ಟಿಹಾಕಿಸಲು, ನೀರಿಗೆ ಔಷಧಿ ಹಾಕಲು, ಪ್ರತಿ ಪ್ರಕರಣವನ್ನೂ ದಾಖಲಿಸಲು ಮನೆಮನೆ ತಿರುಗುತ್ತಿರುವವರು ಆ ಹಳ್ಳಿಗಳ ಆರೋಗ್ಯ ಕಾರ್ಯಕರ್ತರು. ನಾಲ್ಕು ದಶಕಗಳ ಹಿಂದೆ ಇಂಡಿ, ಸಿಂದಗಿಯ ಸೀಮೆಯಲ್ಲಿ ನಮ್ಮವರು ಮಾಡಿದ್ದೂ ಇದೇ ಕೆಲಸ.